ಮಕ್ಕಳ ಅಡುಗೆ ಸಲಕರಣೆಗಳ ಸೆಟ್: ಒಂದು ವರ್ಷ ಬಳಸಿದ ಮೇಲೆ

ಮಕ್ಕಳನ್ನು ಜೊತೆಗಿಟ್ಟುಕೊಂಡು ಅಡುಗೆ ಮಾಡಬೇಕೆಂದು ನಿಶ್ಚಯಿಸಿ, ಸುಮಾರು ಒಂದು ವರ್ಷದ ಹಿಂದೆ, ಅವರಿಗೆಂದೇ ತಯಾರಾದ ಅಡುಗೆ ಸಲಕರಣೆಗಳ ಸೆಟ್ ಒಂದನ್ನೂ, ಅದೇ ತಯಾರಕರ ಒಂದು ಸ್ಟೂಲನ್ನೂ ತರಿಸಿಕೊಂಡೆ. ಆಗ ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಪೆಟ್ಟಿಗೆಯಲ್ಲಿ ಮೂರು ನೈಲಾನ್ ಚಾಕುಗಳು, ತುದಿ ದುಂಡಗಿರುವ ಒಂದು ಸ್ಟೀಲ್ ಚಾಕು, ಅಲೆಯಂಚಿನ ಕಟ್ಟರ್, ಪೀಲರ್, ಬೆರಳಿಗೆ ಹಾಕಿಕೊಳ್ಳುವ ಸ್ಟೀಲಿನ ತಡೆ, ಚಾಕು ತಾಗದಂತೆ ಕಾಯುವ ಒಂದು ಜೊತೆ ಗ್ಲೌಸ್, ಹೆಚ್ಚುವ ಹಲಗೆ, ಅಳತೆಯ ಬಟ್ಟಲು ಮತ್ತು ಚಮಚಗಳು, ಮೊಟ್ಟೆ ಕಲಕುವ ತಂತಿಯ ಸಣ್ಣ ವಿಸ್ಕ್, ಎರಡು ಏಪ್ರನ್ ಹಾಗೂ ಅಡುಗೆಯ ವಿಧಾನಗಳನ್ನು ಮುದ್ರಿಸಿದ ಕಾರ್ಡುಗಳಿದ್ದವು. ಇಂಥ ಸೆಟ್‌ಗಳನ್ನು ಹಲವು ಕಂಪನಿಗಳು ತಯಾರಿಸುತ್ತವೆ ಮತ್ತು ಅವುಗಳೊಳಗಿನ ವಸ್ತುಗಳು ಹೆಚ್ಚುಕಡಿಮೆ ಒಂದೇ ಬಗೆಯವಾಗಿರುತ್ತವೆ. ಆದ್ದರಿಂದ ಕಂಪನಿಯ ಹೆಸರಿಗಿಂತ ಒಂದೊಂದು ವಸ್ತುವನ್ನು ಕುರಿತು ಬರೆಯುವುದೇ ಕೊಳ್ಳುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆಂದು ಭಾವಿಸಿದ್ದೇನೆ.

ಪ್ರತಿಯೊಂದು ವಸ್ತುವನ್ನೂ ನಾನು ಒಂದೇ ಪ್ರಶ್ನೆಯಿಂದ ಪರೀಕ್ಷಿಸಿದೆ. ಇದನ್ನು ಹಿಡಿದು ಮಗು ಹೆಚ್ಚಿದ ತರಕಾರಿ ಆ ಹೊತ್ತಿನ ಅಡುಗೆಯ ಪಾತ್ರೆಗೆ ಬೀಳುತ್ತದೆಯೇ, ಅಥವಾ ಅದನ್ನು ಪಕ್ಕಕ್ಕೆ ಸರಿಸಿ ನಾನೇ ಮತ್ತೊಮ್ಮೆ ಹೆಚ್ಚಬೇಕಾಗುತ್ತದೆಯೇ? ತಾನು ಮಾಡಿದ ಕೆಲಸ ಊಟಕ್ಕೆ ಬಂತೋ ಇಲ್ಲವೋ ಎಂಬುದು ನಾಲ್ಕು ವರ್ಷದ ಮಗುವಿಗೂ ಸ್ಪಷ್ಟವಾಗಿ ತಿಳಿಯುತ್ತದೆ. ಬರದಿದ್ದ ದಿನ ಮಗ ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಿದ್ದ. ಬಂದ ದಿನ ಊಟ ಮುಗಿಯುವವರೆಗೂ ಅದರ ಮಾತನ್ನೇ ಆಡುತ್ತಿದ್ದ. ಈ ಅಳತೆಗೋಲಿನಲ್ಲಿ ನೋಡಿದರೆ ಸೆಟ್‌ನ ಅರ್ಧದಷ್ಟು ವಸ್ತುಗಳು ನಿಜವಾದ ಉಪಕರಣಗಳು, ಉಳಿದರ್ಧ ಆಟಿಕೆಗಳು.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಸ್ಟೂಲ್. ತರಿಸುವಾಗ ಅದು ಅಷ್ಟೇನೂ ಅಗತ್ಯವಿಲ್ಲದ ಸೇರ್ಪಡೆಯೆಂದು ನನಗೆ ಅನ್ನಿಸಿತ್ತು. ಆದರೆ ಹೆಚ್ಚುವ, ಕಲಸುವ, ನಾದುವ ಕೆಲಸಗಳಿಗೆಲ್ಲ ಕಟ್ಟೆಯು ಮೊಣಕೈಗಿಂತ ಸ್ವಲ್ಪ ಕೆಳಗಿರಬೇಕು. ಸಾಮಾನ್ಯವಾಗಿ ಅಡುಗೆ ಕಟ್ಟೆ 85ರಿಂದ 90 ಸೆಂಟಿಮೀಟರ್ ಎತ್ತರವಿರುತ್ತದೆ. ನಾಲ್ಕು ವರ್ಷದ ಮಗುವಿನ ಇಡೀ ಎತ್ತರವೇ ಸುಮಾರು ಒಂದು ಮೀಟರ್. ನೆಲದ ಮೇಲೆ ನಿಂತ ಮಗುವಿಗೆ ಕಟ್ಟೆಯ ಅಂಚು ಗಲ್ಲದ ಹತ್ತಿರ ಬರುತ್ತದೆ. ಆಗ ಅದು ಕೈಗಳನ್ನು ಭುಜಕ್ಕಿಂತ ಮೇಲೆತ್ತಿ, ತಾನು ಏನನ್ನು ಮುಟ್ಟುತ್ತಿದ್ದೇನೆಂದು ಕಾಣದೆ ಕೆಲಸ ಮಾಡಬೇಕಾಗುತ್ತದೆ. ನಮ್ಮ ಸ್ಟೂಲಿನ ನಿಲ್ಲುವ ಹಲಗೆಯನ್ನು ಮೂರು ಎತ್ತರಗಳಲ್ಲಿ ಕೂರಿಸಬಹುದು. ಮಗನಿಗೆ 36 ಸೆಂಟಿಮೀಟರ್, ಮಗಳಿಗೆ 18 ಸೆಂಟಿಮೀಟರ್ ಸರಿಹೊಂದಿತು. ನಾಲ್ಕೂ ಕಡೆ ಅಡ್ಡಪಟ್ಟಿ ಇರುವುದರಿಂದ ಮಗು ಹಿಂದಕ್ಕೆ ಹೆಜ್ಜೆಯಿಟ್ಟು ಬೀಳುವ ಭಯವಿಲ್ಲ, ಕಾಲುಗಳು ಮೇಲಿಗಿಂತ ಕೆಳಗೆ ಅಗಲವಾಗಿರುವುದರಿಂದ ಪಕ್ಕಕ್ಕೆ ಬಾಗಿದರೂ ಸ್ಟೂಲ್ ಮಗುಚುವುದಿಲ್ಲ. ಕೊರತೆಯೆಂದರೆ, ಕಾಲುಗಳ ಅಡಿಗೆ ಅಂಟಿಸಿದ್ದ ರಬ್ಬರ್ ಎರಡನೆಯ ತಿಂಗಳಲ್ಲೇ ಕಿತ್ತುಬಂತು. ಒದ್ದೆ ನೆಲದ ಮೇಲೆ ಸ್ಟೂಲ್ ಒಮ್ಮೆ ಜಾರಿದ್ದನ್ನು ಕಂಡ ಮೇಲೆ ನಾನೇ ದಪ್ಪ ರಬ್ಬರ್ ತುಂಡುಗಳನ್ನು ಸ್ಕ್ರೂ ಹಾಕಿ ಕೂರಿಸಿದೆ. ಅಂಟಿಸಿದ ರಬ್ಬರಿನ ಬದಲು ಸ್ಕ್ರೂ ಹಾಕಿದ್ದೇ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಇಂಥ ಸೆಟ್‌ಗಳ ಪೆಟ್ಟಿಗೆಯ ಮೇಲೆ ಮಾಂಟೆಸೊರಿ ಎಂಬ ಪದ ಧಾರಾಳವಾಗಿ ಕಾಣಸಿಗುತ್ತದೆ. ಮಾರಿಯಾ ಮಾಂಟೆಸೊರಿ 1907ರಲ್ಲಿ ರೋಮ್ ನಗರದಲ್ಲಿ ತೆರೆದ ಮೊದಲ ಮಕ್ಕಳ ಮನೆಯಿಂದ ಬೆಳೆದ ಶಿಕ್ಷಣ ಪದ್ಧತಿಯಲ್ಲಿ ಉಪಕರಣಗಳು ಗಾತ್ರದಲ್ಲಿ ಚಿಕ್ಕವು, ಕೆಲಸದಲ್ಲಿ ದೊಡ್ಡವರು ಬಳಸುವಂಥವೇ. ಬಿದ್ದರೆ ಒಡೆಯುವ ಪಿಂಗಾಣಿಯ ಪಾತ್ರೆಯನ್ನು ಮಕ್ಕಳ ಕೈಗೆ ಕೊಡುವುದು ಆ ಪದ್ಧತಿಯ ಒಂದು ಮುಖ್ಯ ಅಂಶ. ಈ ಸೆಟ್‌ನ ಸ್ಟೂಲ್, ಪೀಲರ್ ಮತ್ತು ಸ್ಟೀಲ್ ಚಾಕು ಆ ಹೆಸರಿಗೆ ತಕ್ಕವಾಗಿವೆ. ನೈಲಾನ್ ಚಾಕುಗಳ ವಿಷಯದಲ್ಲಿ ಆ ಮಾತನ್ನು ಪೂರ್ತಿಯಾಗಿ ಹೇಳಲಾರೆ.

ಚಾಕುಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಹೆತ್ತವರು ಇಂಥ ಸೆಟ್ ಕೊಳ್ಳುವುದೇ ಅವುಗಳಿಗಾಗಿ. ನೈಲಾನ್ ಚಾಕುವಿನ ಅಂಚು ಗರಗಸದಂತಿದ್ದು, ಚರ್ಮದ ಮೇಲೆ ಒತ್ತಿದರೆ ಗೀರು ಬೀಳುತ್ತದೆಯೇ ಹೊರತು ಸುಲಭವಾಗಿ ಗಾಯವಾಗುವುದಿಲ್ಲ. ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ, ಬೇಯಿಸಿ ಸುಲಿದ ಮೊಟ್ಟೆ, ಮೆತ್ತಗಿನ ಬ್ರೆಡ್, ಇವುಗಳನ್ನು ನಾಲ್ಕು ವರ್ಷದ ಮಗು ಇದರಿಂದ ಅಚ್ಚುಕಟ್ಟಾಗಿ ತುಂಡು ಮಾಡುತ್ತದೆ, ಸೌತೆಕಾಯಿಯನ್ನು ತುಸು ಪ್ರಯಾಸದಿಂದ ಹೆಚ್ಚುತ್ತದೆ. ತೊಂದರೆ ಶುರುವಾಗುವುದು ಕ್ಯಾರೆಟ್ ಮತ್ತು ಸೇಬಿನಿಂದ. ಅಲಗು ಒಳಕ್ಕಿಳಿಯದಿದ್ದಾಗ ಮಗು ತನ್ನ ಮೈಭಾರವನ್ನೆಲ್ಲ ಹಾಕಿ ಒತ್ತುತ್ತದೆ, ಆಗ ಚಾಕು ಪಕ್ಕಕ್ಕೆ ಜಾರುತ್ತದೆ, ಇಲ್ಲವೇ ತುಂಡು ಸಿಡಿದು ದೂರ ಹೋಗುತ್ತದೆ. ಮೊಂಡು ಚಾಕು ಹರಿತವಾದದ್ದಕ್ಕಿಂತ ಅಪಾಯಕರವೆಂದು ಅಡುಗೆಯವರು ಹೇಳುವುದು ಇದೇ ಕಾರಣಕ್ಕೆ. ನೈಲಾನ್ ಚಾಕುವಿನಿಂದ ಕೈ ಕೊಯ್ದುಕೊಳ್ಳುವುದಿಲ್ಲ, ನಿಜ. ಆದರೆ ಒತ್ತಿ ಹೆಚ್ಚುವ ಅಭ್ಯಾಸ ಕೈಗೆ ಹತ್ತಿದರೆ ಮುಂದೆ ಸ್ಟೀಲ್ ಚಾಕು ಹಿಡಿದಾಗ ಅದನ್ನು ಬಿಡಿಸುವುದು ಕಷ್ಟ. ನನ್ನ ಮಗಳಿಗೆ ಆ ಅಭ್ಯಾಸವನ್ನು ಬಿಡಿಸಲು ಪೂರ್ತಿ ಎರಡು ತಿಂಗಳು ಹಿಡಿಯಿತು. ಎಂಟು ವರ್ಷದ ಮಗುವಿಗೆ ನೈಲಾನ್ ಚಾಕುವನ್ನು ಕೊಡಲೇಬಾರದಿತ್ತೆಂದು ಈಗ ಅನ್ನಿಸುತ್ತದೆ.

ಅದೇ ಪೆಟ್ಟಿಗೆಯಲ್ಲಿದ್ದ ಸ್ಟೀಲ್ ಚಾಕು ಮಾತ್ರ ಉತ್ತಮವಾದದ್ದು. ಅಲಗು ಸುಮಾರು ಹತ್ತು ಸೆಂಟಿಮೀಟರ್ ಉದ್ದವಿದ್ದು, ತುದಿ ಚೂಪಾಗಿರದೆ ದುಂಡಗಿದೆ, ಹಿಡಿಕೆ ಚಿಕ್ಕ ಅಂಗೈಗೆ ಹೊಂದುವಷ್ಟು ತೆಳ್ಳಗಿದೆ. ಮೊದಲ ದಿನವೇ ಅದನ್ನು ಸಾಣೆಕಲ್ಲಿಗೆ ಹಿಡಿದು ಇನ್ನಷ್ಟು ಹರಿತ ಮಾಡಿದೆ. ಮಕ್ಕಳಿಗೆ ಎರಡು ಹಿಡಿತಗಳನ್ನು ಕಲಿಸಿದೆ. ಒಂದು, ಹೆಬ್ಬೆರಳು ಒಂದು ಬದಿಗೆ ಮತ್ತು ಉಳಿದ ಬೆರಳುಗಳು ಇನ್ನೊಂದು ಬದಿಗೆ ಬರುವಂತೆ ಹಣ್ಣನ್ನು ಹಿಡಿದು, ಕೈ ಸೇತುವೆಯಂತೆ ಬಾಗಿದಾಗ ಅದರ ಕೆಳಗಿನಿಂದ ಚಾಕು ಹಾಯಿಸುವುದು. ದುಂಡಗಿನ ವಸ್ತುವನ್ನು ಎರಡು ಹೋಳು ಮಾಡಲು ಇದು ಸರಿ. ಇನ್ನೊಂದು, ಬೆರಳ ತುದಿಗಳನ್ನು ಒಳಕ್ಕೆ ಮಡಿಸಿ, ಬೆರಳ ಗಿಣ್ಣುಗಳು ಅಲಗಿನ ಕಡೆಗೆ ಬರುವಂತೆ ಹಿಡಿಯುವುದು. ಹೀಗೆ ಹಿಡಿದಾಗ ಅಲಗು ಗಿಣ್ಣಿಗೆ ಒರಗಿಕೊಂಡೇ ಚಲಿಸುವುದರಿಂದ ಬೆರಳ ತುದಿ ಅದರ ದಾರಿಗೆ ಬರುವುದಿಲ್ಲ. ಇವುಗಳ ಜೊತೆಗೆ ಇನ್ನೊಂದು ನಿಯಮವನ್ನೂ ಇಟ್ಟುಕೊಂಡೆವು: ಕ್ಯಾರೆಟ್, ಆಲೂಗಡ್ಡೆ, ಈರುಳ್ಳಿ ಮುಂತಾದ ಉರುಳುವ ವಸ್ತುಗಳನ್ನು ನಾನು ಮೊದಲು ಉದ್ದಕ್ಕೆ ಸೀಳಿ, ಚಪ್ಪಟೆಯಾದ ಬದಿ ಹಲಗೆಗೆ ತಾಗುವಂತೆ ಇಟ್ಟುಕೊಡುತ್ತೇನೆ. ಸೀಳಿದ ಮೇಲೆ ಅದು ಉರುಳುವುದಿಲ್ಲ, ಉರುಳದ ತರಕಾರಿಯನ್ನು ಐದು ವರ್ಷದ ಕೈಯೂ ಹಿಡಿದಿಡಬಲ್ಲದು. ಹರಿತವಾದ ಚಾಕುವಿನಿಂದ ಈರುಳ್ಳಿ ಹೆಚ್ಚಿದಾಗ ಮಕ್ಕಳ ಕಣ್ಣುರಿಯೂ ಕಡಿಮೆಯಾಯಿತು. ಈರುಳ್ಳಿಯ ಕೋಶಗಳು ಜಜ್ಜಿಹೋದಾಗ ಕಣ್ಣು ಉರಿಸುವ ಗಂಧಕಯುಕ್ತ ಅನಿಲ ಹುಟ್ಟುತ್ತದೆ. ಮೊಂಡು ಅಲಗು ಹೆಚ್ಚು ಕೋಶಗಳನ್ನು ಜಜ್ಜುತ್ತದೆ.

ಹಲಗೆಯ ವಿಷಯದಲ್ಲಿ ತಯಾರಕರು ಎಚ್ಚರ ತಪ್ಪಿದ್ದಾರೆ. ಹಗುರವಾದ, ನುಣುಪಾದ ಪ್ಲಾಸ್ಟಿಕ್ ಹಲಗೆಯಾದ್ದರಿಂದ ಅದು ಕಟ್ಟೆಯ ಮೇಲೆ ನಿಲ್ಲುವುದಿಲ್ಲ. ಮಗಳು ಸೇಬು ಹೆಚ್ಚುತ್ತಿದ್ದಾಗ ಹಲಗೆ ಜಾರಿ, ಚಾಕು ಉಗುರಿನ ಪಕ್ಕ ತಾಗಿ ಸ್ವಲ್ಪ ರಕ್ತ ಬಂತು. ಗಾಯ ಸಣ್ಣದಾಗಿದ್ದರೂ ಅವಳು ಒಂದು ವಾರ ಚಾಕು ಮುಟ್ಟಲಿಲ್ಲ. ಒದ್ದೆ ಬಟ್ಟೆಯೊಂದನ್ನು ಹಿಂಡಿ, ಮಡಿಸಿ ಹಲಗೆಯ ಅಡಿಗೆ ಹಾಸಿದರೆ ಅದು ಒಂದಿಷ್ಟೂ ಅಲುಗುವುದಿಲ್ಲ. ಇಷ್ಟು ಸರಳವಾದ ಸೂಚನೆಯನ್ನು ಪೆಟ್ಟಿಗೆಯೊಳಗಿನ ಕಾಗದದಲ್ಲಿ ಬರೆಯಬಹುದಿತ್ತು.

ಗ್ಲೌಸ್ ಬಗ್ಗೆ ನನಗೆ ನಿಜವಾದ ಅಸಮಾಧಾನವಿದೆ. ಕೈಗೆ ಚಾಕು ತಾಗದಂತೆ ಕಾಯುವ ಗ್ಲೌಸ್‌ಗಳಿಗೆ ಯುರೋಪಿನಲ್ಲಿ ಇಎನ್ 388 ಎಂಬ ಮಾನದಂಡವಿದೆ. 2016ರ ಪರಿಷ್ಕರಣೆಯ ನಂತರ, ಎಷ್ಟು ಬಲದ ಕೊಯ್ತವನ್ನು ತಡೆಯಬಲ್ಲವು ಎಂಬುದನ್ನು ಎ ಅಕ್ಷರದಿಂದ ಎಫ್ ಅಕ್ಷರದವರೆಗಿನ ಶ್ರೇಣಿಯಲ್ಲಿ ಗುರುತಿಸಲಾಗುತ್ತದೆ. ನಮಗೆ ಬಂದ ಗ್ಲೌಸ್ ಮೇಲೆ ಯಾವ ಗುರುತೂ ಇಲ್ಲ. ಅದು ಮಗನ ಕೈಗೆ ದೊಡ್ಡದು. ಬೆರಳ ತುದಿಯಲ್ಲಿ ಖಾಲಿ ಉಳಿದ ಬಟ್ಟೆ ಅಲಗಿನ ಕೆಳಗೆ ಸಿಕ್ಕಿಕೊಳ್ಳುತ್ತಿತ್ತು. ಇಂಥ ನೇಯ್ದ ಗ್ಲೌಸ್ ಅಲಗಿನ ಅಂಚನ್ನು ತಡೆಯುತ್ತದೆಯೇ ಹೊರತು ಚೂಪಾದ ತುದಿ ಚುಚ್ಚುವುದನ್ನು ತಡೆಯುವುದಿಲ್ಲ. ನಮ್ಮದು ಪಾಲಿಎಥಿಲೀನ್ ನೂಲಿನದು. ಆ ನೂಲು 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುವುದರಿಂದ, ಅದನ್ನು ಹಾಕಿಕೊಂಡು ಬಿಸಿ ಪಾತ್ರೆ ಮುಟ್ಟುವಂತಿಲ್ಲ. ಗ್ಲೌಸ್ ತೊಟ್ಟ ಮಗು ಪಾತ್ರೆಯ ಹಿಡಿಯನ್ನೂ ಅದೇ ಧೈರ್ಯದಲ್ಲಿ ಹಿಡಿಯಲು ಹೋಗುತ್ತದೆ. ನನ್ನ ಮಗ ಒಮ್ಮೆ ಹಾಗೆ ಕೈಚಾಚಿದ. ಅಂದಿನಿಂದ ಅದನ್ನು ತೆಗೆದಿಟ್ಟಿದ್ದೇನೆ. ಬೆರಳಿಗೆ ಹಾಕುವ ಸ್ಟೀಲಿನ ತಡೆಯೂ ಹಾಗೆಯೇ: ಅದನ್ನು ಹಾಕಿಕೊಂಡರೆ ಬೆರಳು ಮಡಿಸಲಾಗುವುದಿಲ್ಲ, ಆದ್ದರಿಂದ ಸರಿಯಾದ ಹಿಡಿತವನ್ನು ಕಲಿಯಲೂ ಆಗುವುದಿಲ್ಲ.

ಪೀಲರ್ ಇಡೀ ಸೆಟ್‌ನಲ್ಲಿ ಮಕ್ಕಳಿಬ್ಬರಿಗೂ ಅತ್ಯಂತ ಪ್ರಿಯವಾದ ವಸ್ತು. ಹಿಡಿಕೆಗೆ ಅಡ್ಡಲಾಗಿ ಕೂರಿಸಿದ ಅಲಗು ಎರಡೂ ಕಡೆಗೆ ತಿರುಗುವುದರಿಂದ ಎಡಗೈಯವರಿಗೂ ಬಲಗೈಯವರಿಗೂ ಒಂದೇ ತೆರನಾಗಿ ಕೆಲಸ ಮಾಡುತ್ತದೆ. ನನ್ನ ಮಗ ಎಡಗೈ ಬಳಸುವವನಾದ್ದರಿಂದ ಇದು ನನಗೆ ದೊಡ್ಡ ಸಂಗತಿ. ಕ್ಯಾರೆಟ್ಟನ್ನು ಗಾಳಿಯಲ್ಲಿ ಹಿಡಿದು ಹೆರೆಯಲು ಬಿಡಬೇಡಿ. ಅದನ್ನು ಹಲಗೆಯ ಮೇಲೆ ಮಲಗಿಸಿ, ದಪ್ಪ ತುದಿಯನ್ನು ಒಂದು ಕೈಯಿಂದ ಹಿಡಿದು, ನಡುವಿನಿಂದ ಹೊರಕ್ಕೆ, ಮೈಯಿಂದ ದೂರಕ್ಕೆ ಎಳೆಯಲು ಕಲಿಸಿ. ಒಂದೊಂದು ಸಲಕ್ಕೂ ಸ್ವಲ್ಪ ತಿರುಗಿಸುತ್ತಾ ಹೋದರೆ ಸಿಪ್ಪೆ ಉದ್ದದ ಪಟ್ಟಿಯಾಗಿ ಬರುತ್ತದೆ. ಈ ಒಂದು ಉಪಕರಣದಿಂದಲೇ ಮಗ ದಿನನಿತ್ಯದ ಅಡುಗೆಯಲ್ಲಿ ನಿಜವಾದ ಪಾಲುದಾರನಾದ. ಅವನು ಹೆರೆದದ್ದನ್ನು ನಾನು ಮತ್ತೆ ಹೆರೆಯಬೇಕಾದ ಸಂದರ್ಭ ಈಗ ಬರುವುದೇ ಇಲ್ಲ.

ಅಳತೆಯ ಬಟ್ಟಲುಗಳ ಕಥೆಯನ್ನು ಹೇಳಲೇಬೇಕು. ಒಂದು, ಅರ್ಧ, ಮೂರನೆಯ ಒಂದು, ಕಾಲು ಎಂದು ನಾಲ್ಕು ಬಟ್ಟಲುಗಳಿವೆ, ದೊಡ್ಡದರ ಮೇಲೆ 250 ಮಿಲಿಲೀಟರ್ ಎಂದು ಅಚ್ಚಾಗಿದೆ. ಮಗಳು ಶಾಲೆಯಲ್ಲಿ ಭಿನ್ನರಾಶಿ ಕಲಿಯುತ್ತಿದ್ದ ದಿನಗಳವು. ನಾಲ್ಕು ಕಾಲು ಬಟ್ಟಲು ನೀರು ಸುರಿದರೂ ದೊಡ್ಡ ಬಟ್ಟಲು ತುಂಬಲಿಲ್ಲವೆಂದು ಅವಳು ಬಂದು ಹೇಳಿದಾಗ, ಸುರಿಯುವಾಗ ಚೆಲ್ಲಿರಬೇಕೆಂದು ನಾನು ಭಾವಿಸಿದೆ. ಅವಳು ಒಪ್ಪದೆ ಮತ್ತೆ ಸುರಿದು ತೋರಿಸಿದಳು. ಒಂದು ಮಿಲಿಲೀಟರ್ ನೀರಿನ ತೂಕ ಹೆಚ್ಚುಕಡಿಮೆ ಒಂದು ಗ್ರಾಮ್ ಆದ್ದರಿಂದ, ಇಬ್ಬರೂ ಸೇರಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡಿದೆವು. ದೊಡ್ಡ ಬಟ್ಟಲಿನಲ್ಲಿ 250 ಗ್ರಾಮ್ ಇತ್ತು. ಕಾಲು ಬಟ್ಟಲಿನಲ್ಲಿ 62 ಗ್ರಾಮಿನ ಮೇಲೆ ಇರಬೇಕಾಗಿತ್ತು, ಇದ್ದದ್ದು 57 ಗ್ರಾಮ್. ನಾಲ್ಕು ಸೇರಿದರೆ 228. ಕೊರತೆ 22 ಗ್ರಾಮ್. ಅವಳ ಲೆಕ್ಕವೇ ಸರಿಯಾಗಿತ್ತು. ಅಡುಗೆಮನೆಯಲ್ಲಿ ಅವಳ ಮುಖದ ಮೇಲೆ ನಾನು ಕಂಡ ಅತ್ಯಂತ ದೊಡ್ಡ ಸಂತೋಷ ಆ ದಿನದ್ದು.

ಬಟ್ಟಲಿನ ಅಳತೆ ಎಲ್ಲ ಕಡೆಯೂ ಒಂದೇ ಅಲ್ಲ ಎಂಬುದನ್ನೂ ಕೊಳ್ಳುವವರು ತಿಳಿದಿರಬೇಕು. ಕೆಲವು ಪಾಕವಿಧಾನಗಳಲ್ಲಿ ಬಟ್ಟಲೆಂದರೆ 240 ಮಿಲಿಲೀಟರ್, ಕೆಲವದರಲ್ಲಿ 250. ದೊಡ್ಡ ಚಮಚ ಬಹುತೇಕ ಕಡೆ 15 ಮಿಲಿಲೀಟರ್ ಆದರೆ ಆಸ್ಟ್ರೇಲಿಯಾದಲ್ಲಿ 20. ಇನ್ನು ಹಿಟ್ಟಿನ ವಿಷಯದಲ್ಲಿ ಬಟ್ಟಲು ನಂಬಲರ್ಹವೇ ಅಲ್ಲ: ಅದೇ ಬಟ್ಟಲಿಗೆ ಹಿಟ್ಟನ್ನು ಹಗುರವಾಗಿ ಸುರಿದರೆ 120 ಗ್ರಾಮ್ ಹಿಡಿಯುತ್ತದೆ, ಮಕ್ಕಳು ಮಾಡುವಂತೆ ಡಬ್ಬಿಯೊಳಗೆ ಅದ್ದಿ ಒತ್ತಿ ತುಂಬಿದರೆ 150 ಗ್ರಾಮ್ ತಲುಪಬಹುದು. ಆ ವ್ಯತ್ಯಾಸದಿಂದ ಹಿಟ್ಟು ಗಟ್ಟಿಯಾಗುತ್ತದೆ, ತಪ್ಪು ತನ್ನದೆಂದು ಮಗು ಮುಖ ಸಪ್ಪಗೆ ಮಾಡಿಕೊಳ್ಳುತ್ತದೆ. ಸೆಟ್‌ನಲ್ಲಿ ಆರು ಅಳತೆ ಚಮಚಗಳ ಬದಲು ಒಂದು ಸಣ್ಣ ತಕ್ಕಡಿ ಇದ್ದಿದ್ದರೆ ಎಷ್ಟೋ ಮೇಲಾಗಿರುತ್ತಿತ್ತು. ಬಟ್ಟಲನ್ನಿಟ್ಟು ಸೊನ್ನೆಗೆ ತಂದು, ಅಂಕಿ ಏರುವುದನ್ನು ಕಣ್ಣಿಟ್ಟು ನೋಡುತ್ತಾ ಚಿಟಿಕೆ ಚಿಟಿಕೆಯಾಗಿ ಹಾಕುವ ಕೆಲಸವನ್ನು ಚಿಕ್ಕವನು ಎಷ್ಟು ತನ್ಮಯನಾಗಿ ಮಾಡುತ್ತಾನೆಂದರೆ, ಅವನನ್ನು ಕರೆದರೂ ಕೇಳಿಸುವುದಿಲ್ಲ.

ಕಾರ್ಡುಗಳು ನೋಡಲು ಚೆಂದ, ಓದು ಬಾರದ ಮಗುವೂ ಚಿತ್ರ ನೋಡಿ ಮುಂದಿನ ಹಂತ ಹೇಳಬಲ್ಲದು. ಆದರೆ ಅವುಗಳಲ್ಲೊಂದು ಗಂಭೀರ ತಪ್ಪಿದೆ. ಹಿಟ್ಟು, ಮೊಟ್ಟೆ, ಸಕ್ಕರೆ ಕಲಸಿದ ಮೇಲೆ ರುಚಿ ನೋಡಿ ಸಿಹಿ ಸಾಕೇ ಎಂದು ಪರೀಕ್ಷಿಸಲು ಮಗುವಿಗೆ ಹೇಳುವ ಚಿತ್ರ ಒಂದು ಕಾರ್ಡಿನಲ್ಲಿದೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗ ತರುವ ಬ್ಯಾಕ್ಟೀರಿಯಾ ಇರಬಹುದೆಂಬುದು ಹಲವರಿಗೆ ಗೊತ್ತು. ಹಸಿ ಹಿಟ್ಟೂ ಸುರಕ್ಷಿತವಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ. ಧಾನ್ಯ ಬೆಳೆಯುವ ಹೊಲದಲ್ಲಿ ಅಥವಾ ಮುಂದಿನ ಹಂತಗಳಲ್ಲಿ ಸೇರಿದ ಇ. ಕೋಲೈಯಂಥ ಬ್ಯಾಕ್ಟೀರಿಯಾ ಬೀಸಿದ ಮಾತ್ರಕ್ಕೆ ಸಾಯುವುದಿಲ್ಲ, ಬೇಯಿಸಿದಾಗ ಮಾತ್ರ ಸಾಯುತ್ತದೆ, ಮತ್ತು ಐದು ವರ್ಷದೊಳಗಿನ ಮಕ್ಕಳಿಗೆ ಅದರ ಸೋಂಕು ದೊಡ್ಡವರಿಗಿಂತ ಹೆಚ್ಚು ತೀವ್ರವಾಗಬಹುದು. ನಮ್ಮಲ್ಲಿ ಮೊಟ್ಟೆಯನ್ನು ಮೊದಲು ಬೇರೆ ಸಣ್ಣ ಬಟ್ಟಲಿಗೆ ಒಡೆದು, ಚಿಪ್ಪಿನ ಚೂರು ತೆಗೆದು, ಬಳಿಕ ಸಾಬೂನಿನಿಂದ 20 ಸೆಕೆಂಡ್ ಕೈ ತೊಳೆದುಕೊಂಡು ಮುಂದಿನ ಕೆಲಸ. ಆ ಕಾರ್ಡನ್ನು ಪೆಟ್ಟಿಗೆಯಿಂದ ತೆಗೆದುಹಾಕಿದ್ದೇನೆ. ಈ ಸೆಟ್ ಕೊಂಡವರೆಲ್ಲರೂ ಹಾಗೆಯೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ವಿಸ್ಕಿನ ತಂತಿಗಳು ಮೂರು ತಿಂಗಳಲ್ಲಿ ಸಡಿಲವಾದವು. ಏಪ್ರನ್‌ಗಳು ಚೆನ್ನಾಗಿವೆ, ಕುತ್ತಿಗೆಯ ಪಟ್ಟಿಗೆ ಗಂಟಿನ ಬದಲು ವೆಲ್ಕ್ರೊ ಇದೆ. ಅಲೆಯಂಚಿನ ಕಟ್ಟರ್ ಅನ್ನು ಎರಡೂ ಕೈಗಳಿಂದ ಮೇಲಿನಿಂದ ಹಿಡಿದು ಒತ್ತುವುದರಿಂದ ಬೆರಳುಗಳು ಅಲಗಿನಿಂದ ದೂರವೇ ಉಳಿಯುತ್ತವೆ. ನೈಲಾನ್ ಚಾಕು ಸೋತ ಕಡೆ ಚಿಕ್ಕ ಮಗುವಿಗೆ ಇದನ್ನು ಕೊಡಬಹುದು.

ಬಾಳಿಕೆಯಲ್ಲಿ ನೈಲಾನ್ ಚಾಕುಗಳೇ ಮೊದಲು ಸೋತವು. ನಾಲ್ಕು ತಿಂಗಳಾಗುವಷ್ಟರಲ್ಲಿ ಹಲ್ಲುಗಳ ತುದಿಯಲ್ಲಿ ಕೂದಲಿನಂಥ ಬಿಳಿ ಎಳೆಗಳು ಎದ್ದವು. ಅವು ಆಹಾರಕ್ಕೆ ಬೀಳುತ್ತವೆಂಬ ಅನುಮಾನ ಬಂದ ದಿನವೇ ಮೂರನ್ನೂ ಎಸೆದೆ. ಸ್ಟೀಲ್ ಚಾಕುವಿನ ಮರದ ಹಿಡಿಕೆಯನ್ನು ನೀರಿನಲ್ಲಿ ನೆನೆಯಲು ಬಿಡದೆ ತೊಳೆದು ಒರೆಸಿಡುತ್ತಿರುವುದರಿಂದ ಅದು ಇನ್ನೂ ಬಿರುಕು ಬಿಟ್ಟಿಲ್ಲ.

ಒಲೆಯ ಬಗ್ಗೆ ಒಂದು ಮಾತು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಪುಟ್ಟ ಮಗುವೊಂದು ಒಲೆಯ ಮುಂದೆ ನಗುತ್ತಾ ನಿಂತಿದೆ, ಆದರೆ ಒಳಗಿರುವ ಯಾವ ವಸ್ತುವೂ ಒಲೆಯಿಂದ ಮಗುವನ್ನು ಕಾಯುವುದಿಲ್ಲ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು, ಮಕ್ಕಳ ಚರ್ಮ ತೆಳುವಾದ್ದರಿಂದ ಅವರಿಗೆ ಇನ್ನೂ ಬೇಗ. ಕುದಿಯುವ ಪಾತ್ರೆಯ ಮಾತಂತೂ ಹೇಳಬೇಕಿಲ್ಲ. ಸ್ಟೂಲನ್ನು ಒಲೆಯಿಂದ ಕೈಚಾಚಿದರೂ ಎಟುಕದಷ್ಟು ದೂರ ಇಡುತ್ತೇನೆ, ಪಾತ್ರೆಯ ಹಿಡಿಗಳನ್ನು ಗೋಡೆಯ ಕಡೆಗೆ ತಿರುಗಿಸುತ್ತೇನೆ. ಮಗಳು ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾಳೆ, ಮುಚ್ಚಳವನ್ನು ಹಬೆ ತನ್ನಿಂದ ಆಚೆ ಹೋಗುವಂತೆ ಓರೆಯಾಗಿ ಎತ್ತಲು ಕಲಿತಿದ್ದಾಳೆ. ನಾನು ಪಕ್ಕದಲ್ಲಿಲ್ಲದೆ ಉರಿ ಹಚ್ಚುವಂತಿಲ್ಲ.

ಈ ಸೆಟ್ ಬಳಸಿದರೆ ಮಕ್ಕಳು ಎಲ್ಲ ತರಕಾರಿಗಳನ್ನೂ ತಿನ್ನಲು ಶುರು ಮಾಡುತ್ತಾರೆಂದು ತಯಾರಕರು ಹೇಳಿಕೊಂಡಿದ್ದಾರೆ. ಅಷ್ಟು ದೊಡ್ಡ ಮಾತನ್ನು ನಾನು ಅನುಮೋದಿಸಲಾರೆ. ಎರಡರಿಂದ ಆರು ವರ್ಷದ ನಡುವೆ ಹೊಸ ಆಹಾರಕ್ಕೆ ಹಿಂಜರಿಯುವುದು ಮಕ್ಕಳಲ್ಲಿ ಸಹಜ. ಒಂದು ತರಕಾರಿಯನ್ನು ಒಪ್ಪಿಕೊಳ್ಳುವ ಮೊದಲು ಹತ್ತು ಹದಿನೈದು ಸಲ ಅದರ ರುಚಿ ನೋಡಬೇಕಾಗುವ ಮಕ್ಕಳೂ ಇದ್ದಾರೆ. ಊಟದ ತಟ್ಟೆಯಲ್ಲಿ ದೂರ ತಳ್ಳುತ್ತಿದ್ದ ಕ್ಯಾರೆಟ್ಟನ್ನು ಮಗ ಹೆರೆಯುತ್ತಾ ಮೂಸಿ ನೋಡಿದ, ಕೆಲವು ವಾರಗಳ ನಂತರ ಸಿಪ್ಪೆಯ ತುದಿಯನ್ನು ಕಚ್ಚಿದ, ಈಗ ಹೆಚ್ಚುವಾಗಲೇ ಅರ್ಧ ತಿಂದು ಮುಗಿಸುತ್ತಾನೆ. ಹಸಿ ಟೊಮೆಟೊವನ್ನು ಮಾತ್ರ ನೂರಾರು ಸಲ ಹೆಚ್ಚಿದ್ದರೂ ಬಾಯಿಗಿಟ್ಟಿಲ್ಲ.

ಇಡೀ ಸೆಟ್ ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಸಲಹೆ: ಮೂರರಿಂದ ಐದು ವರ್ಷದ ಮಗುವಿದ್ದರೆ ಸ್ಟೂಲ್ ಮತ್ತು ಪೀಲರ್‌ಗಳನ್ನು ಬಿಡಿಯಾಗಿ ಕೊಳ್ಳಿ, ಅಲೆಯಂಚಿನ ಕಟ್ಟರ್ ಸಿಕ್ಕರೆ ಸೇರಿಸಿಕೊಳ್ಳಿ. ಆರು ದಾಟಿದ ಮಗುವಿಗೆ ದುಂಡು ತುದಿಯ, ಚೆನ್ನಾಗಿ ಹರಿತವಾಗಿರುವ ಸಣ್ಣ ಸ್ಟೀಲ್ ಚಾಕು ಮತ್ತು ಒಂದು ಡಿಜಿಟಲ್ ತಕ್ಕಡಿ ಸಾಕು. ಗ್ಲೌಸ್, ಬೆರಳಿನ ತಡೆ, ವಿಸ್ಕ್ ಇವುಗಳಿಗಾಗಿ ದುಡ್ಡು ಕೊಡಬೇಕಾಗಿಲ್ಲ.

ಕಾಲು ಬಟ್ಟಲಿನ ಕೊರತೆಯ ಬಗ್ಗೆ ಮಗಳೇ ತನ್ನ ಕೈಬರಹದಲ್ಲಿ, ತೂಕದ ಅಂಕಿಗಳ ಸಮೇತ, ತಯಾರಕರಿಗೆ ಪತ್ರ ಬರೆದಳು. ಮೂರು ವಾರಗಳಲ್ಲಿ ಹೊಸ ಬಟ್ಟಲು ಬಂತು. ಅದನ್ನು ತೂಗಿದಾಗ 62 ಗ್ರಾಮ್ ನೀರು ಹಿಡಿಯಿತು. ಹಸಿ ಹಿಟ್ಟಿನ ಕಾರ್ಡಿನ ಬಗ್ಗೆ ನಾನು ಬರೆದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಕಳೆದ ವಾರ ಮತ್ತೊಮ್ಮೆ ಬರೆದಿದ್ದೇನೆ.